ಲವಂಗದೆಣ್ಣೆಗೆ ಬಗ್ಗುವ ಕಳೆ, ಬಗ್ಗದ ಕಳೆ

ತೀರ್ಥಹಳ್ಳಿ, ಹೊಸನಗರ ಕಡೆಯ ಅಡಿಕೆ ತೋಟದಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಕಳೆ ಮೊಣಕಾಲು ಮುಟ್ಟಿರುತ್ತದೆ. ಅದಕ್ಕೆ ಲವಂಗದೆಣ್ಣೆಯಂಥ ಸುಗಂಧ ತೈಲ ಹೊಡೆಯುವುದು ದುಡ್ಡು ದಂಡ. ಅಲ್ಲಿಗೆ ವೀಡ್ ಕಟರೇ ಸರಿ. ತೈಲ ಕೈಹಿಡಿಯುವುದು ತರಕಾರಿ ಮಡಿ, ಅಡಿಕೆ ಒಣಗಿಸುವ ಅಂಗಳದ ಅಂಚಿನಂಥ ಸಣ್ಣ ಜಾಗದಲ್ಲಿ, ಅದೂ ಕಳೆ ಎರಡರಿಂದ ನಾಲ್ಕು ಎಲೆ ಬಿಟ್ಟಾಗ.

ಲವಂಗದೆಣ್ಣೆಯ ಮುಖ್ಯ ಅಂಶವಾದ ಯೂಜಿನಾಲ್ ಎಲೆಯ ಜೀವಕೋಶಗಳ ಪೊರೆ ಒಡೆಯುತ್ತದೆ. ಒಳಗಿನ ನೀರು ಸೋರಿ, ಒಳ್ಳೆ ಬಿಸಿಲಿದ್ದರೆ ಕೆಲವೇ ಗಂಟೆಗಳಲ್ಲಿ ಎಲೆ ಬಾಡುತ್ತದೆ. ಆದರೆ ಬೇರಿಗೆ ಇಳಿಯುವುದಿಲ್ಲ. ಗರಿಕೆ, ಕೊನ್ನಾರಿಯಂಥ ಕಳೆ ಮೇಲ್ಭಾಗ ಸುಟ್ಟರೂ ಕೆಳಗಿನಿಂದ ಚಿಗುರುತ್ತವೆ. ಅವನ್ನು ಅಗೆದೇ ತೆಗೆಯಬೇಕು.

ಬಿತ್ತುವ ಎರಡು ವಾರ ಮೊದಲೇ ಮಡಿ ಹದಮಾಡಿ ನೀರು ಕೊಡಿ. ಮಣ್ಣಲ್ಲಿರುವ ಕಳೆಬೀಜ ಮೊಳೆಯಲಿ. ಎಲೆ ಬಿಟ್ಟ ಮೇಲೆ ಸಿಂಪಡಿಸಿ, ಮೂರ್ನಾಲ್ಕು ದಿನ ಬಿಟ್ಟು ಬಿತ್ತಿ. ಮತ್ತೆ ಅಗೆಯಬೇಡಿ, ಅಗೆದರೆ ಅಡಿಯ ಬೀಜ ಮೇಲೆ ಬರುತ್ತದೆ.

ಒಂದು ಲೀಟರ್ ದ್ರಾವಣಕ್ಕೆ 50 ಮಿ.ಲೀ. ಲವಂಗದೆಣ್ಣೆ, 10 ಮಿ.ಲೀ. ದ್ರವ ಸೋಪು. ಬರೀ ನೀರಿಗೆ ಎಣ್ಣೆ ಬಿಟ್ಟು ನೋಡಿ: ಮಜ್ಜಿಗೆಹುಲ್ಲಿನ (ನಿಂಬೆಹುಲ್ಲಿನ) ಎಣ್ಣೆ ತೇಲುತ್ತದೆ, ಲವಂಗದೆಣ್ಣೆ ಗುಂಡುಗುಂಡಾಗಿ ತಳ ಸೇರುತ್ತದೆ. ಹಾಗಾಗಿ ಎಣ್ಣೆ, ಸೋಪು ಮೊದಲು ಚೆನ್ನಾಗಿ ಕಲಸಿ, ಆಮೇಲೆ ನೀರನ್ನು ಸ್ವಲ್ಪಸ್ವಲ್ಪವೇ ಹೊಯ್ಯುತ್ತ ಕುಲುಕಿ. ನೀರುಮಜ್ಜಿಗೆಯಂತೆ ಬೆಳ್ಳಗಾದರೆ ಹದ ಬಂತು. ಬೆನ್ನಿಗೆ ಹಾಕುವ 15 ಲೀಟರ್ ಸಿಂಪಡಣೆ ಕ್ಯಾನಿಗೆ ಈ ಲೆಕ್ಕದಲ್ಲಿ 750 ಮಿ.ಲೀ. ಎಣ್ಣೆ ಬೇಕು, ಎಕರೆಗಟ್ಟಲೆ ಏಕೆ ಆಗದು ಎಂಬುದು ಇಲ್ಲೇ ಗೊತ್ತಾಗುತ್ತದೆ.

ಹಿತ್ತಲ ಮಜ್ಜಿಗೆಹುಲ್ಲು ಕುದಿಸಿ ಹೊಡೆದರೆ ಸಾಲದೇ ಎನ್ನುವವರಿದ್ದಾರೆ. ಸಾಲದು. ನೂರು ಕಿಲೋ ಹಸಿಹುಲ್ಲಿಗೆ ಎಣ್ಣೆ ಸಿಗುವುದೇ ಅರ್ಧ ಕಿಲೋ ಆಸುಪಾಸು. ತೆರೆದ ಪಾತ್ರೆಯಲ್ಲಿ ಕುದಿಸಿದರೆ ಅದೂ ಹಬೆಯ ಜೊತೆ ಹೋಗುತ್ತದೆ.

ಇಬ್ಬನಿ ಆರಿ ಬಿಸಿಲೇರಿದ ಮೇಲೆ, ಗಾಳಿ ಇಲ್ಲದಾಗ, ಎಲೆ ಪೂರ್ತಿ ತೊಯ್ಯುವಂತೆ ಹೊಡೆಯಿರಿ. ಜೂನ್‌–ಜುಲೈನ ಜಡಿಮಳೆಯಲ್ಲಿ ಇದರ ಗೋಜೇ ಬೇಡ. ಮೇ ತಿಂಗಳ ಅಡ್ಡಮಳೆಗೆ ಮೊಳೆತ ಕಳೆಗೆ ಸರಿಯಾದ ಸಮಯ. ತೈಲಕ್ಕೆ ಬೆಳೆ ಯಾವುದು, ಕಳೆ ಯಾವುದು ಗೊತ್ತಾಗದು, ಪಕ್ಕದ ಮೆಣಸಿನ ಸಸಿಗೆ ಹಾರಿದರೆ ಅದೂ ಸುಡುತ್ತದೆ. ಕೈಗವಸು, ಕನ್ನಡಕ ಇರಲಿ. ಕಣ್ಣಿಗೆ ಬಿದ್ದರೆ ವಿಪರೀತ ಉರಿ.

ಕೆಲಸ ಮುಗಿದ ಕೂಡಲೇ ಸೋಪುನೀರು ಹಾಕಿ ಕ್ಯಾನ್ ತೊಳೆಯಿರಿ. ಈ ಎಣ್ಣೆ ರಬ್ಬರ್ ವಾಷರ್ ತಿನ್ನುತ್ತದೆ. ಮುಂದೆ ಕಾಳುಮೆಣಸಿನ ಬಳ್ಳಿಗೆ ಬೋರ್ಡೋ (ಮೈಲುತುತ್ತ–ಸುಣ್ಣದ ದ್ರಾವಣ) ಹೊಡೆಯುವಾಗ ಸೋರಿ ಬೆನ್ನೆಲ್ಲ ನೀಲಿಯಾದೀತು.