ಬುದ್ಧಿಹಲ್ಲು: ಬಲಗಡೆಯ ಎರಡು ತೆಗೆಸಿದೆ, ಎಡಗಡೆಯ ಎರಡು ಉಳಿಸಿಕೊಂಡೆ

2024ರ ಜನವರಿಯಲ್ಲಿ ರಜೆಗೆ ಹಾಸನಕ್ಕೆ ಹೋಗಿದ್ದಾಗ ಅಮ್ಮ ನನ್ನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅದಕ್ಕೆ ಎರಡು ತಿಂಗಳು ಮುಂಚೆ ಇಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಬಲಗಡೆ ಕೆಳದವಡೆಯ ತುದಿಯಲ್ಲಿ ಒಸಡು ಊದಿಕೊಂಡಿತ್ತು. ನಾಲ್ಕು ದಿನ ಬಿಸಿ ಉಪ್ಪುನೀರು ಮುಕ್ಕಳಿಸಿದೆ, ಇಳಿಯಿತು. ಡಾಕ್ಟರು ಎಕ್ಸ್‌ರೇ ನೋಡಿದವರೇ, "ನಾಲ್ಕೂ ಬುದ್ಧಿಹಲ್ಲು ತೆಗೆದುಬಿಡೋಣ. ಇವತ್ತು ಎರಡು, ನಾಳಿದ್ದು ಎರಡು" ಅಂದರು. ನನ್ನ ವಿಮಾನಕ್ಕೆ ಉಳಿದಿದ್ದದ್ದು ಐದು ದಿನ. ಲೀಡ್ಸ್‌ನಲ್ಲಿ ಖಾಸಗಿಯವರು ಒಂದು ಹಲ್ಲಿಗೇ 450 ಪೌಂಡ್ ಹೇಳಿದ್ದರು. ಅದರ ಮುಂದೆ ಹಾಸನದ ಖರ್ಚು ಏನೇನೂ ಅಲ್ಲ.

"ಮಾಡಿಸ್ಕೊಂಡೇ ಹೋಗು ಕಣೇ, ಅಲ್ಲಿ ನಿನ್ನ ನೋಡೋರು ಯಾರಿದಾರೆ?" ಅಂದಳು ಅಮ್ಮ.

ನಾನು ಒಪ್ಪಲಿಲ್ಲ. ಹಲ್ಲು ಕಿತ್ತ ದಿನ ಅಮ್ಮ ಇರುತ್ತಾಳೆ, ಸರಿ. ಆದರೆ ನಾಲ್ಕನೇ ದಿನ, ಐದನೇ ದಿನ ಏನಾದರೂ ಆದರೆ ನಾನು ಎಲ್ಲಿರುತ್ತೇನೆ? ವಿಮಾನದಲ್ಲಿ. ಅಥವಾ ನನ್ನ ಬಾಯಲ್ಲಿ ಏನು ಮಾಡಿದ್ದಾರೆಂದು ಗೊತ್ತೇ ಇಲ್ಲದ ಡಾಕ್ಟರ ಮುಂದೆ. ಆ ಒಂದು ಯೋಚನೆಯೇ ನನ್ನನ್ನು ತಡೆಯಿತು. ನಾಲ್ಕೂ ಯಾಕೆ ತೆಗೆಯಬೇಕು ಅನ್ನೋ ಪ್ರಶ್ನೆ ಆಗ ನನಗೆ ಹೊಳೆದೇ ಇರಲಿಲ್ಲ.

ಅದು ಹೊಳೆದದ್ದು ಜೂನ್‌ನಲ್ಲಿ, ಅದೇ ಜಾಗ ಮತ್ತೆ ಊದಿಕೊಂಡಾಗ. ಈ ಸಲ ಬಾಯಿ ಎರಡು ಬೆರಳಗಲವೂ ತೆರೆಯುತ್ತಿರಲಿಲ್ಲ. ನುಂಗಿದರೆ ಕಿವಿಯವರೆಗೆ ಸೆಳೆತ, ಬಾಯಲ್ಲಿ ಕೀವಿನ ರುಚಿ. ಇಲ್ಲಿನ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿದ ಮೇಲೆ ತುರ್ತು ಡೆಂಟಿಸ್ಟ್ ಸಿಕ್ಕರು. ವೀಸಾ ಜೊತೆ ಆರೋಗ್ಯ ಶುಲ್ಕ ಕಟ್ಟುತ್ತೇವೆ, ಈಗ ಅದು ವರ್ಷಕ್ಕೆ 1,035 ಪೌಂಡ್. ಆದರೂ ಡೆಂಟಿಸ್ಟ್ ಹತ್ತಿರ ಹೋದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲೂ ಬೇರೆ ಹಣ ಕೊಡಬೇಕು. ಹೊಸದಾಗಿ ಬಂದವರಿಗೆ ಇದು ಗೊತ್ತಿರುವುದಿಲ್ಲ. ತುರ್ತು ಭೇಟಿಗೆ ಆಗ 26.80 ಪೌಂಡ್ ಇತ್ತು. ಆ ಡೆಂಟಿಸ್ಟ್ ಒಸಡಿನ ಮಡಿಕೆಯ ಕೆಳಗೆ ನೀರು ಹಾಯಿಸಿ ತೊಳೆದು, ಮೆಟ್ರೊನಿಡಜೋಲ್ ಎಂಬ ಆಂಟಿಬಯೋಟಿಕ್‌ನ 400 ಮಿ.ಗ್ರಾಂ. ಮಾತ್ರೆ ದಿನಕ್ಕೆ ಮೂರರಂತೆ ಮೂರು ದಿನಕ್ಕೆ ಬರೆದುಕೊಟ್ಟರು.

ಆಮೇಲೆ ಎಕ್ಸ್‌ರೇ ತೆರೆಯ ಮೇಲೆ ಹಾಕಿ ಒಂದೊಂದು ಹಲ್ಲನ್ನೂ ಬೇರೆ ಬೇರೆಯಾಗಿ ತೋರಿಸಿದರು. ಹಾಗೆ ಅದುವರೆಗೆ ನನಗೆ ಯಾರೂ ತೋರಿಸಿರಲಿಲ್ಲ. ಬಲಗಡೆ ಕೆಳಗಿನದು ಮುಂದಕ್ಕೆ ವಾಲಿ ಪಕ್ಕದ ದವಡೆಹಲ್ಲಿಗೆ ಆನಿಕೊಂಡಿದೆ, ಅರ್ಧ ಮಾತ್ರ ಹೊರಗೆ ಬಂದಿದೆ. ಉಳಿದರ್ಧದ ಮೇಲೆ ಒಸಡು ಮುಸುಕಿಟ್ಟಂತೆ ಮುಚ್ಚಿದೆ. ಅದರೊಳಗೆ ಸೇರಿದ ಅನ್ನದ ಅಗುಳಿಗೆ ಬ್ರಶ್ ತಲುಪುವುದಿಲ್ಲ. ಬಲಗಡೆ ಮೇಲಿನದು ಕೆಳಗಿಳಿದು, ಊದಿದ ಆ ಒಸಡನ್ನೇ ಕಚ್ಚುತ್ತಿದೆ. ಎಡಗಡೆ ಮೇಲಿನದು ನೆಟ್ಟಗೆ ಬಂದಿದೆ, ಚೆನ್ನಾಗಿ ತೊಳೆಯಬಹುದು. ಎಡಗಡೆ ಕೆಳಗಿನದು ಪೂರ್ತಿ ಮೂಳೆಯೊಳಗೆ ಮಲಗಿದೆ, ಯಾವ ತೊಂದರೆಯೂ ಇಲ್ಲ.

"ಹಾಗಾದರೆ ಎಡಗಡೆಯದನ್ನು ಯಾಕೆ ಮುಟ್ಟಬೇಕು?" ಎಂದು ಅವರೇ ಕೇಳಿದರು. ಇಲ್ಲಿ 2000ನೇ ಇಸವಿಯಿಂದ ಯಾವ ಚಿಕಿತ್ಸೆ ಯಾವಾಗ ಕೊಡಬೇಕೆಂದು ಹೇಳುವ ನೈಸ್ ಸಂಸ್ಥೆಯ ಮಾರ್ಗಸೂಚಿ ಇದೆ: ಹೂತುಕೊಂಡಿದೆ ಅನ್ನೋ ಒಂದೇ ಕಾರಣಕ್ಕೆ, ರೋಗವಿಲ್ಲದ ಬುದ್ಧಿಹಲ್ಲನ್ನು ಎನ್‌ಎಚ್‌ಎಸ್‌ನಲ್ಲಿ ತೆಗೆಯುವ ಹಾಗಿಲ್ಲ. ಒಸಡು ಮೊದಲ ಸಲ ಊದಿದರೆ, ತೀರಾ ಜೋರಾಗಿಲ್ಲದಿದ್ದರೆ, ಅದೂ ಕಾರಣವಾಗುವುದಿಲ್ಲ. ಎರಡನೇ ಸಲ ಬಂದರೆ ಆಗುತ್ತದೆ. ಪಕ್ಕದ ಹಲ್ಲು ಹುಳುಕಾಗುತ್ತಿದ್ದರೆ, ಹಲ್ಲಿನ ಸುತ್ತ ನೀರುಗಂಟು (ಸಿಸ್ಟ್) ಕಟ್ಟಿದ್ದರೆ ಅದೂ ಆಗುತ್ತದೆ. ಎಲ್ಲ ಕಡೆ ಹೀಗಿಲ್ಲ. ಅಮೆರಿಕದಲ್ಲಿರುವ ನನ್ನ ಚಿಕ್ಕಮ್ಮನ ಮಗನಿಗೆ ಕಾಲೇಜು ಸೇರುವ ಮುಂಚೆ ನಾಲ್ಕೂ ಒಟ್ಟಿಗೆ ತೆಗೆದಿದ್ದರು. ಅವನಿಗೆ ಯಾವ ತೊಂದರೆಯೂ ಇರಲಿಲ್ಲ. ಬೇರು ಪೂರ್ತಿ ಬಲಿಯುವ ಮುಂಚೆ ತೆಗೆದರೆ ಸುಲಭ ಅನ್ನೋದು ಅಲ್ಲಿಯವರ ವಾದ, ಅದರಲ್ಲೂ ಹುರುಳಿದೆ. ಆದರೆ ನನಗಾಗಲೇ 31. ನನ್ನ ಹಲ್ಲಿನ ಬೇರು ಬಲಿತು ವರ್ಷಗಳಾಗಿದ್ದವು.

ನನ್ನನ್ನು ಆಸ್ಪತ್ರೆಗೆ ಕಳಿಸಿದ್ದಕ್ಕೆ ಕಾರಣವೂ ಆ ಬೇರೇ. ಕೆಳತುಟಿ, ಗದ್ದಕ್ಕೆ ಸ್ಪರ್ಶ ಕೊಡುವ ನರ ಕೆಳದವಡೆಯ ಮೂಳೆಯೊಳಗೆ ಒಂದು ಕಾಲುವೆಯಲ್ಲಿ ಹೋಗುತ್ತದೆ. ಎಕ್ಸ್‌ರೇಯಲ್ಲಿ ಆ ಕಾಲುವೆಯ ಎರಡು ಬಿಳಿಗೆರೆ ಕಾಣುತ್ತವೆ. ನನ್ನ ಬೇರು ದಾಟುವ ಜಾಗದಲ್ಲಿ ಮೇಲಿನ ಗೆರೆ ಮಾಯವಾಗಿತ್ತು. ಆಸ್ಪತ್ರೆಯಲ್ಲಿ ಕೋನ್ ಬೀಮ್ ಸ್ಕ್ಯಾನ್ (ಮೂರು ಆಯಾಮದ ಎಕ್ಸ್‌ರೇ) ಮಾಡಿದಾಗ ನರ ಬೇರಿನ ಪಕ್ಕದಲ್ಲಿ ಹೋಗುತ್ತಿದೆ, ಮಧ್ಯೆ ತೆಳ್ಳಗೆ ಮೂಳೆ ಇದೆ ಎಂದು ಗೊತ್ತಾಯಿತು. ಅಂಟಿಕೊಂಡೇ ಇದ್ದಿದ್ದರೆ ಹಲ್ಲಿನ ತಲೆಭಾಗ ಮಾತ್ರ ಕತ್ತರಿಸಿ ಬೇರು ಅಲ್ಲೇ ಬಿಡುವ ದಾರಿಯೂ ಇತ್ತಂತೆ. ತುಟಿ ಶಾಶ್ವತವಾಗಿ ಜೋಮು ಹಿಡಿಯುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ ಎಂದರು. ಕಡಿಮೆ ನಿಜ. ಆದರೂ ಸಹಿ ಹಾಕುವಾಗ ಕೈ ತಡೆಯಿತು. ಹಾಸನದಲ್ಲಿ "ಇವತ್ತು ಎರಡು" ಎಂದಾಗ ಈ ನರದ ಮಾತೇ ಬಂದಿರಲಿಲ್ಲ.

ಐದು ತಿಂಗಳು ಕಾದೆ. ಆಸ್ಪತ್ರೆಯಲ್ಲಿ ದುಡ್ಡು ಕೊಡುವುದಿರಲಿಲ್ಲ. ಆ ಐದು ತಿಂಗಳೂ ಊಟವಾದ ಮೇಲೆಲ್ಲ ಪುಟ್ಟ ತಲೆಯ ಬ್ರಶ್ಶಿನಿಂದ ಆ ಮೂಲೆ ತಿಕ್ಕುತ್ತಿದ್ದೆ. ಮತ್ತೆ ಊದಲಿಲ್ಲ.

ನವೆಂಬರ್‌ನಲ್ಲಿ ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಬಲಗಡೆಯ ಎರಡನ್ನೂ ತೆಗೆದರು. ಮೇಲಿನದು ಬಂದದ್ದೇ ತಿಳಿಯಲಿಲ್ಲ. ಕೆಳಗಿನದನ್ನು ಎರಡು ತುಂಡು ಮಾಡಬೇಕಾಯಿತು. ನೋವಿರಲಿಲ್ಲ, ಒತ್ತುವುದು ಮಾತ್ರ ತಿಳಿಯುತ್ತಿತ್ತು. ಹಲ್ಲು ಸೀಳಿದಾಗ ತಲೆಯೊಳಗೇ ಒಣಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಸಂಜೆ ಕೆಳತುಟಿಯನ್ನು ಬೆರಳಿಂದ ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡೆ. ಎಂಟು ಗಂಟೆಗೆ ಚುಮುಚುಮು ಎಂದು ಸ್ಪರ್ಶ ಮರಳಿದಾಗ ಅಳು ಬಂತು.

ಎರಡು ದಿನ ಆರಿಸಿದ ರಾಗಿ ಗಂಜಿ, ಮೆತ್ತಗೆ ಕಿವುಚಿದ ಮೊಸರನ್ನ. ಮೂರನೇ ದಿನ ವಾಸಿ ಅನ್ನಿಸಿತು. ನಾಲ್ಕನೇ ದಿನ ಬೆಳಗಿನ ಜಾವ ಕಿವಿಗೆ ಹೊಡೆಯುವ ನೋವಿಗೆ ಎಚ್ಚರವಾಯಿತು, ಐಬುಪ್ರೊಫೇನ್ ನುಂಗಿದರೂ ಬಗ್ಗಲಿಲ್ಲ. ಕುಳಿಯಲ್ಲಿ ಹೆಪ್ಪುಗಟ್ಟಿದ್ದ ರಕ್ತ ಕಳಚಿಹೋಗಿ ಮೂಳೆ ಬರಿದಾಗಿತ್ತು. ಡ್ರೈ ಸಾಕೆಟ್ ಅನ್ನುತ್ತಾರೆ. ಕೆಳದವಡೆಯಲ್ಲಿ, ಸಿಗರೇಟು ಸೇದುವವರಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಹೆಚ್ಚು. ನಾನು ಆ ಮಾತ್ರೆ ತೆಗೆದುಕೊಳ್ಳುತ್ತಿದ್ದೆ.

ಆಸ್ಪತ್ರೆಗೆ ಫೋನ್ ಮಾಡಿದೆ, ಹನ್ನೊಂದಕ್ಕೆ ಬರಹೇಳಿದರು. ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ನನ್ನ ಸ್ಕ್ಯಾನ್, ನನ್ನ ಫೈಲು ಎಲ್ಲ ಅಲ್ಲೇ ಇತ್ತು. ಕುಳಿ ತೊಳೆದು ಕಂದುಬಣ್ಣದ ಔಷಧಿಯ ನಾರು ತುಂಬಿದರು. ಬಾಯಿ ತುಂಬ ಲವಂಗದ ವಾಸನೆ. ಯೂಜಿನಾಲ್, ಲವಂಗದೆಣ್ಣೆಯಲ್ಲಿರುವುದೇ ಎಂದರು ನರ್ಸ್. ಅರ್ಧ ಗಂಟೆಯಲ್ಲಿ ನೋವು ಇಳಿಯಿತು. ವಾಪಸ್ ಬರುವಾಗ ಬಸ್ಸಿನಿಂದಲೇ ಅಮ್ಮನಿಗೆ ಫೋನ್ ಮಾಡಿದೆ. "ಲವಂಗ ಇಟ್ಕೋ ಅಂತ ನಾನು ಹೇಳಿರ್ಲಿಲ್ವಾ?" ಅಂದಳು. ಹಸಿ ಗಾಯಕ್ಕೆ ಅಡುಗೆಮನೆಯ ಲವಂಗ ಇಡಬಾರದು, ಇದು ಬೇರೆ ಎಂದು ಬಿಡಿಸಿ ಹೇಳಿದೆ.

ಎಡಗಡೆಯ ಎರಡು ಹಾಗೇ ಇವೆ. ವರ್ಷಕ್ಕೊಮ್ಮೆ ತಪಾಸಣೆಗೆ ಹೋದಾಗ ಅವನ್ನೂ ನೋಡಿಸುತ್ತೇನೆ. ಎಕ್ಸ್‌ರೇಯ ಪ್ರತಿ ಕೇಳಿ ಪಡೆದು ಫೋನಿನಲ್ಲಿ ಇಟ್ಟುಕೊಂಡಿದ್ದೇನೆ. ಮುಂದೆ ಯಾವತ್ತಾದರೂ ಊರಿನಲ್ಲೇ ತೆಗೆಸಬೇಕಾಗಿ ಬಂದರೆ ರಜೆಯ ಮೊದಲ ವಾರದಲ್ಲೇ ತೆಗೆಸುತ್ತೇನೆ.