ಸಾರಿನ ಪುಡಿಯ ಮನೆ ಉದ್ಯಮ: ಒಲೆ ಹಚ್ಚುವ ಮೊದಲು ಬೆಲೆ ಕಟ್ಟಿ

ಸಾರಿನ ಪುಡಿಯನ್ನು ರುಚಿಯಾಗಿ ಮಾಡಬಲ್ಲವರಿಗೆ ನಮ್ಮಲ್ಲಿ ಕೊರತೆಯಿಲ್ಲ. ನೆಂಟರಿಷ್ಟರ ಒತ್ತಾಯಕ್ಕೆ ಅದನ್ನೇ ಮಾರಲು ಹೊರಟು, ಒಂದಿಷ್ಟು ತಿಂಗಳು ದುಡಿದು, ಕೈಯಲ್ಲಿ ಏನೂ ಉಳಿಯುತ್ತಿಲ್ಲವೆಂದು ನಿಲ್ಲಿಸಿದವರನ್ನು ನಾನು ಸಾಕಷ್ಟು ನೋಡಿದ್ದೇನೆ. ಅವರ ಪುಡಿಯನ್ನು ದೂರುವಂತಿರಲಿಲ್ಲ. ಪೊಟ್ಟಣದ ಮೇಲೆ ಬರೆದ ಬೆಲೆ ಮಾತ್ರ ತಪ್ಪಾಗಿತ್ತು. ಹತ್ತು ಸಾವಿರ ರೂಪಾಯಿಯೊಳಗೆ ಈ ಕೆಲಸವನ್ನು ಆರಂಭಿಸುವ ಕ್ರಮವನ್ನು ಇಲ್ಲಿ ವಿವರಿಸಿದ್ದು, ಬೆಲೆ ಕಟ್ಟುವ ಹಂತಕ್ಕೆ ಬೇಕೆಂದೇ ಹೆಚ್ಚು ಜಾಗ ಕೊಟ್ಟಿದ್ದೇನೆ.

1. ಒಂದೇ ಪದಾರ್ಥ ಆರಿಸಿಕೊಳ್ಳಿ

ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಎಲ್ಲವನ್ನೂ ಒಟ್ಟಿಗೆ ಆರಂಭಿಸಬೇಡಿ. ಕೊಬ್ಬರಿ ಹಾಕದ ಸಾರಿನ ಪುಡಿಯಿಂದ ಶುರುಮಾಡುವುದೇ ಸರಿ, ಏಕೆಂದರೆ ಕೊಬ್ಬರಿಯ ಎಣ್ಣೆ ಬೇಗ ಕಮಟು ಹಿಡಿಯುತ್ತದೆ ಮತ್ತು ಮಾರಾಟವಾಗದೆ ಉಳಿದ ಚಟ್ನಿಪುಡಿಯ ಪೊಟ್ಟಣಗಳು ಹೊಸಬರ ಬಂಡವಾಳವನ್ನೇ ನುಂಗುತ್ತವೆ.

2. ನೋಂದಣಿ ಮಾಡಿಸಿ

ಮನೆಯಲ್ಲಿ ತಯಾರಿಸಿದರೂ ಮಾರುವ ಆಹಾರಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಸಣ್ಣ ತಯಾರಕರಿಗೆ ಮೂಲ ನೋಂದಣಿ ಸಾಕು. ಶುಲ್ಕ ವರ್ಷಕ್ಕೆ 100 ರೂಪಾಯಿ, ಅರ್ಜಿ ಸಲ್ಲಿಸುವುದು ಪ್ರಾಧಿಕಾರದ ಫಾಸ್ಕಾಸ್ ಜಾಲತಾಣದಲ್ಲಿ. ಸರ್ಕಾರಿ ತಾಣದಂತೆಯೇ ಕಾಣುವ ಖಾಸಗಿ ತಾಣಗಳು ಇದೇ ಕೆಲಸಕ್ಕೆ ಸಾವಿರಗಟ್ಟಲೆ ಕೇಳುತ್ತವೆ. ಹಣ ಕಟ್ಟುವ ಮೊದಲು ವಿಳಾಸದ ಕೊನೆಯಲ್ಲಿ ಸರ್ಕಾರಿ ತಾಣಗಳ ‘ಜಿಒವಿ ಡಾಟ್ ಇನ್’ ಇದೆಯೇ ಎಂದು ನೋಡಿಕೊಳ್ಳಿ. ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಉದ್ಯಮ್ ನೋಂದಣಿ ಪೂರ್ಣ ಉಚಿತ, ಅದಕ್ಕೆ ಯಾರಿಗೂ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ. ರಾಜ್ಯದೊಳಗೆ ಮಾತ್ರ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿಯ ಅಗತ್ಯವಿಲ್ಲ. ಆದರೆ ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುವ ಪರಿಚಿತರು ಕೇಳಿದರೆಂದು ಕೊರಿಯರ್‌ನಲ್ಲಿ ಮಾರಿ ಕಳುಹಿಸಿದರೆ ಅದು ಅಂತರರಾಜ್ಯ ಮಾರಾಟವಾಗುತ್ತದೆ, ಅದಕ್ಕೆ ಈ 40 ಲಕ್ಷದ ವಿನಾಯಿತಿ ಸಿಗುವುದಿಲ್ಲ.

3. ಬೆಲೆ ಕಟ್ಟಿ

ಇಲ್ಲಿ ಆತುರ ಬೇಡ. ಕಾಗದ, ಪೆನ್ನು ಹಿಡಿದು ಕೂರಬೇಕು. ಹೆಚ್ಚಿನವರು ಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಮೆಣಸುಗಳ ಬೆಲೆಯನ್ನು ಕೂಡಿ, ಅದರ ಮೇಲೆ ಮನಸ್ಸಿಗೆ ತೋಚಿದಷ್ಟನ್ನು ಸೇರಿಸಿ, ಅಂಗಡಿಯಲ್ಲಿ ಸಿಗುವ ದೊಡ್ಡ ಕಂಪನಿಯ ಪುಡಿಗಿಂತ ಐದು ರೂಪಾಯಿ ಕಡಿಮೆಯಿದೆಯೆಂದು ಸಮಾಧಾನಪಟ್ಟುಕೊಳ್ಳುತ್ತಾರೆ. ದೊಡ್ಡ ಕಂಪನಿ ಕೊಯ್ಲಿನ ಕಾಲದಲ್ಲಿ ಬ್ಯಾಡಗಿಯ ಮಾರುಕಟ್ಟೆಯಿಂದ ಮೆಣಸಿನಕಾಯಿಯನ್ನು ಲಾರಿಗಟ್ಟಲೆ ಕೊಳ್ಳಬಲ್ಲದು, ನೀವು ಬಡಾವಣೆಯ ದಿನಸಿ ಅಂಗಡಿಯಿಂದ ಎರಡು ಕಿಲೋ ತರುತ್ತೀರಿ. ಅವರ ಬೆಲೆಯೊಂದಿಗೆ ಸ್ಪರ್ಧಿಸುವ ಆಸೆಯನ್ನು ಮೊದಲ ದಿನವೇ ಬಿಡಿ.

ಮೊದಲು ತೂಕದ ಲೆಕ್ಕ. ಮೆಣಸಿನಕಾಯಿಯ ತೊಟ್ಟು ಬಿಡಿಸಿದಾಗ, ಕೊತ್ತಂಬರಿ ಬೀಜದ ಕಸಕಡ್ಡಿ ತೆಗೆದಾಗ, ಹುರಿದಾಗ ತೇವ ಹೋದಾಗ ಮತ್ತು ಗಿರಣಿಯಲ್ಲಿ ಒಂದಿಷ್ಟು ಅಂಟಿ ಉಳಿದಾಗ ತೂಕ ಕರಗುತ್ತಲೇ ಹೋಗುತ್ತದೆ. ಆದ್ದರಿಂದ ತಂದ ಸಾಮಗ್ರಿಯ ತೂಕವನ್ನೂ ಕೊನೆಗೆ ಕೈಗೆ ಬಂದ ಪುಡಿಯ ತೂಕವನ್ನೂ ಬರೆದಿಟ್ಟು, ಖರ್ಚನ್ನು ಕೈಗೆ ಬಂದ ಪುಡಿಯಿಂದಲೇ ಭಾಗಿಸಬೇಕು.

ಐದು ಕಿಲೋ ಪುಡಿ ಮಾಡುತ್ತೀರಿ ಎಂದುಕೊಳ್ಳೋಣ. ಇಲ್ಲಿನ ಅಂಕಿಗಳು ಲೆಕ್ಕದ ಕ್ರಮ ತೋರಿಸಲು ಇಟ್ಟುಕೊಂಡವು, ನಿಮ್ಮ ಊರಿನ ದರವನ್ನು ನೀವೇ ಹಾಕಿಕೊಳ್ಳಿ. ಕೈಗೆ ಬಂದ ಪ್ರತಿ ಕಿಲೋ ಪುಡಿಗೆ ಸಾಮಗ್ರಿ 420 ರೂಪಾಯಿ, ಗ್ಯಾಸ್ 20, ಗಿರಣಿ ಮತ್ತು ಓಡಾಟ 40, ನೂರು ಗ್ರಾಮಿನ ಹತ್ತು ಪೊಟ್ಟಣಗಳಿಗೆ ಪೌಚ್ ಹಾಗೂ ಲೇಬಲ್ 60. ಇನ್ನು ನಿಮ್ಮ ದುಡಿಮೆ: ಐದು ಕಿಲೋಗೆ ಐದು ಗಂಟೆ ಹಿಡಿದು ಗಂಟೆಗೆ 80 ರೂಪಾಯಿ ಇಟ್ಟರೂ ಕಿಲೋಗೆ 80 ಆಗುತ್ತದೆ. ರುಚಿ ನೋಡಲು ಕೊಟ್ಟದ್ದು, ಸೀಲು ಕೆಟ್ಟದ್ದು, ಚೆಲ್ಲಿದ್ದು ಎಂದು 30 ಸೇರಿಸಿ. ಒಟ್ಟು 650, ಅಂದರೆ ಪೊಟ್ಟಣಕ್ಕೆ 65 ರೂಪಾಯಿ. ಸಾಮಗ್ರಿಗೆ 42 ರೂಪಾಯಿ ತಗುಲಿತೆಂದು ಪೊಟ್ಟಣವನ್ನು 60ಕ್ಕೆ ಮಾರಿ 18 ರೂಪಾಯಿ ಲಾಭವಾಯಿತೆಂದು ನಂಬುವವರು ವಾಸ್ತವದಲ್ಲಿ ಪ್ರತಿ ಪೊಟ್ಟಣದ ಮೇಲೆ 5 ರೂಪಾಯಿ ಕಳೆದುಕೊಳ್ಳುತ್ತಿರುತ್ತಾರೆ.

‘ಮನೆಯಲ್ಲೇ ಇರುತ್ತೇನಲ್ಲ, ನನ್ನ ಕೂಲಿಯನ್ನೇಕೆ ಹಿಡಿಯಬೇಕು’ ಎಂಬ ಮಾತನ್ನು ಗೃಹಿಣಿಯರಿಂದ ಪದೇ ಪದೇ ಕೇಳುತ್ತೇವೆ. ಹಿಡಿಯಲೇಬೇಕು. ಬೇಡಿಕೆ ಹೆಚ್ಚಿ ಸಹಾಯಕ್ಕೆ ಒಬ್ಬರನ್ನು ಕರೆದ ದಿನ ಆ ಕೂಲಿಯನ್ನು ನೀವು ಕೊಡಬೇಕಾಗುತ್ತದೆ, ಆಗ ಬೆಲೆಯಲ್ಲಿ ಅದಕ್ಕೆ ಜಾಗವಿಲ್ಲದಿದ್ದರೆ ವ್ಯಾಪಾರ ಬೆಳೆದಷ್ಟೂ ನಷ್ಟವೂ ಬೆಳೆಯುತ್ತದೆ.

ಇನ್ನೊಂದು ಎಡವಟ್ಟು ಅಂಗಡಿಯವರ ಕಮಿಷನ್ನಿನ ಲೆಕ್ಕದಲ್ಲಿ ಆಗುತ್ತದೆ. ಪೊಟ್ಟಣಕ್ಕೆ 15 ರೂಪಾಯಿ ಲಾಭ ಬೇಕೆಂದರೆ ನಿಮ್ಮ ಕೈಗೆ 80 ಬರಬೇಕು. ಅಂಗಡಿಯವರು ಶೇ 20 ಕೇಳಿದಾಗ 80ಕ್ಕೆ 16 ಸೇರಿಸಿ 96 ಎಂದು ಮುದ್ರಿಸುವುದು ರೂಢಿ. ಆದರೆ ಅವರು ಶೇ 20 ಹಿಡಿದುಕೊಳ್ಳುವುದು ಮುದ್ರಿತ ಬೆಲೆಯ ಮೇಲೆ. 96ರಲ್ಲಿ 19 ರೂಪಾಯಿ 20 ಪೈಸೆ ಹೋಗಿ ನಿಮಗೆ ಉಳಿಯುವುದು 76 ರೂಪಾಯಿ 80 ಪೈಸೆ. 80ನ್ನು 0.8ರಿಂದ ಭಾಗಿಸಬೇಕು, ಆಗ ಬರುವ 100 ರೂಪಾಯಿಯೇ ಸರಿಯಾದ ಬೆಲೆ. ಮನೆಬಾಗಿಲಿಗೆ ಬಂದು ಕೊಳ್ಳುವವರಿಗೆ ನೀವು ಒಂದಿಷ್ಟು ಬಿಟ್ಟುಕೊಡಬಹುದು, ಆದರೆ ಅಂಗಡಿಯವರಿಗಿಂತ ಬಹಳ ಅಗ್ಗಕ್ಕೆ ಮಾರಿದರೆ ಅವರು ನಿಮ್ಮ ಪೊಟ್ಟಣವನ್ನು ಮತ್ತೆ ಇಟ್ಟುಕೊಳ್ಳುವುದಿಲ್ಲ.

ನೂರು ರೂಪಾಯಿ ಹೆಚ್ಚೆಂದು ನೆರೆಹೊರೆಯವರು ಹೇಳಿದರೆ ಐವತ್ತು ಗ್ರಾಮಿನ ಪೊಟ್ಟಣ ಮಾಡಿ, ಆದರೆ ಪೌಚಿನ ಖರ್ಚು ಅಷ್ಟೇ ಇರುವುದರಿಂದ ಅದರ ಬೆಲೆ 50ಕ್ಕೆ ಇಳಿಯದು. ಗುಣಮಟ್ಟ ಇಳಿಸಿ ಬೆಲೆ ತಗ್ಗಿಸುವುದಂತೂ ಬೇಡವೇ ಬೇಡ. ಮಾರುಕಟ್ಟೆಯಲ್ಲಿ ಬಿಡಿಯಾಗಿ ಸಿಗುವ, ಅನುಮಾನ ಬರುವಷ್ಟು ಕೆಂಪಗಿರುವ ಮೆಣಸಿನ ಪುಡಿಯನ್ನು ಬೆರೆಸಬೇಡಿ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಕಾಯಿಯನ್ನು ಇಡಿಯಾಗಿಯೇ ಕೊಳ್ಳಿ.

4. ಹುರಿಯಿರಿ, ಆರಿಸಿ, ಬೀಸಿಸಿ

ಇದು ನಿಮಗೇ ಗೊತ್ತಿರುವ ಕೆಲಸ. ಒಂದೊಂದನ್ನೂ ಬೇರೆ ಬೇರೆಯಾಗಿ ಹುರಿಯಿರಿ. ಬಿಸಿಯಿರುವ ಪುಡಿಯನ್ನು ಪೊಟ್ಟಣಕ್ಕೆ ತುಂಬಿದರೆ ಒಳಗೆ ಬೆವರೊಡೆದು ಗಂಟುಕಟ್ಟುತ್ತದೆ, ಹಾಗಾಗಿ ಗಿರಣಿಯಿಂದ ಬಂದ ಪುಡಿಯನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಪೂರ್ತಿ ಆರಲು ಬಿಡಿ. ಮನೆಬಳಕೆಯ 14.2 ಕಿಲೋ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲವಾದ್ದರಿಂದ ಗ್ಯಾಸಿನ ಲೆಕ್ಕವನ್ನು ವಾಣಿಜ್ಯ ಸಿಲಿಂಡರಿನ ದರದಲ್ಲೇ ಹಾಕಬೇಕು.

5. ತೂಗಿ, ಸೀಲು ಮಾಡಿ, ಲೇಬಲ್ ಅಂಟಿಸಿ

ಅಡುಗೆಮನೆಯ ಅಗ್ಗದ ತಕ್ಕಡಿ ವ್ಯಾಪಾರಕ್ಕೆ ಆಗದು. ತೂಕ, ಅಳತೆಗಳನ್ನು ಪರೀಕ್ಷಿಸುವ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ ತಕ್ಕಡಿಯನ್ನೇ ಕೊಳ್ಳಿ. ತೆಳು ಪ್ಲಾಸ್ಟಿಕ್ ಕವರಿನ ಬಾಯಿಯನ್ನು ಮೇಣದಬತ್ತಿಯಲ್ಲಿ ಸುಟ್ಟು ಅಂಟಿಸುವ ಅಡ್ಡದಾರಿಯಿಂದ ಉಳಿಯುವುದು ಚಿಲ್ಲರೆ ಕಾಸು, ಹೋಗುವುದು ಪುಡಿಯ ಘಮ. ಕೈಯಿಂದ ಒತ್ತುವ ಸಣ್ಣ ಸೀಲಿಂಗ್ ಯಂತ್ರವೊಂದು ಇರಲಿ.

ಲೇಬಲ್ಲಿನ ಮೇಲೆ ಪದಾರ್ಥದ ಹೆಸರು, ಪ್ರಮಾಣದ ಇಳಿಕೆಯ ಕ್ರಮದಲ್ಲಿ ಸಾಮಗ್ರಿಗಳು, ನಿವ್ವಳ ತೂಕ, ಸಸ್ಯಾಹಾರದ ಹಸಿರು ಗುರುತು, ತಯಾರಾದ ದಿನ, ಎಂದಿನವರೆಗೆ ಬಳಸಬಹುದೆಂಬ ಸೂಚನೆ, ಬ್ಯಾಚ್ ಸಂಖ್ಯೆ, ವಿಳಾಸ, ದೂರಿಗಾಗಿ ದೂರವಾಣಿ, 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ ಮತ್ತು ಗ್ರಾಮಿಗೆ ಎಷ್ಟೆಂಬ ದರ ಇರಬೇಕು. ಇಂಗು ಹಾಕುವವರು ಅದರ ಡಬ್ಬಿಯನ್ನು ತಿರುಗಿಸಿ ಓದಬೇಕು. ಅಂಗಡಿಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆ. ಹಾಗಿದ್ದರೆ ಗ್ಲುಟೆನ್ (ಗೋಧಿಯಲ್ಲಿರುವ, ಕೆಲವರಿಗೆ ಒಗ್ಗದ ಪ್ರೋಟೀನು) ಇದೆಯೆಂದು ನಿಮ್ಮ ಲೇಬಲ್ಲಿನಲ್ಲೂ ತಿಳಿಸಬೇಕಾಗುತ್ತದೆ.

6. ಮಾರಿ

ಎರಡು ಅಂಗಡಿ ಸಾಕು, ಪ್ರತಿ ಅಂಗಡಿಗೆ ಹತ್ತು ಪೊಟ್ಟಣ, ನಗದು ವ್ಯವಹಾರ. ‘ಮಾರಾಟವಾದ ಮೇಲೆ ಕೊಡುತ್ತೇವೆ’ ಎನ್ನುವವರಿಗೆ ಮೊದಲ ಆರು ತಿಂಗಳು ಸರಕು ಕೊಡಲೇಬೇಡಿ. ವ್ಯಾಪಾರದ ಹಣಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆಯಿರಲಿ. ಅಡಮಾನವಿಲ್ಲದೆ 50,000 ರೂಪಾಯಿವರೆಗೆ ಕೊಡುವ, ಕೇಂದ್ರ ಸರ್ಕಾರದ ಮುದ್ರಾ ಯೋಜನೆಯ ಶಿಶು ಸಾಲ ಆಮೇಲಿನ ಮಾತು, ಈ ಲೆಕ್ಕ ಕೈಗೆ ಹತ್ತುವವರೆಗೆ ಅದರ ಗೊಡವೆ ಬೇಡ.

ಮೆಣಸಿನಕಾಯಿಯ ದರ ಸುಗ್ಗಿಯಲ್ಲಿ ಒಂದು, ಮಳೆಗಾಲದಲ್ಲಿ ಇನ್ನೊಂದು. ಪ್ರತಿ ಬಾರಿ ಸಾಮಗ್ರಿ ತಂದಾಗಲೂ ಮೂರನೆಯ ಹಂತದ ಲೆಕ್ಕವನ್ನು ಹೊಸದಾಗಿ ಮಾಡಿ. ಮುದ್ರಿಸಿದ ಗರಿಷ್ಠ ಬೆಲೆಯ ಮೇಲೆ ಹೆಚ್ಚಿನ ಬೆಲೆಯ ಚೀಟಿ ಅಂಟಿಸುವುದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ. ಆದ್ದರಿಂದ ಮುದ್ರಣಾಲಯದವರು ಐದು ಸಾವಿರ ಲೇಬಲ್ಲಿಗೆ ಅಗ್ಗವಾಗುತ್ತದೆಂದು ಎಷ್ಟೇ ಒತ್ತಾಯಿಸಿದರೂ ಇನ್ನೂರರಷ್ಟೇ ಮಾಡಿಸಿ, ಬೆಲೆ, ದಿನಾಂಕ ಮತ್ತು ಬ್ಯಾಚ್ ಸಂಖ್ಯೆಯ ಜಾಗವನ್ನು ಖಾಲಿ ಬಿಡಿಸಿ, ತುಂಬುವ ದಿನ ಅಳಿಸಲಾಗದ ಶಾಯಿಯ ರಬ್ಬರ್ ಮುದ್ರೆಯಿಂದ ಒತ್ತಿಕೊಳ್ಳಿ.