ಶಾಲೆಯ ಸಭೆಗೆ ಹೋಗುವ ಮುನ್ನ: ವಿಶೇಷ ಶಿಕ್ಷಣದ ನೆರವು ಕೇಳುವುದು ಹೇಗೆ?

"ನೀವೇನೂ ಚಿಂತೆ ಮಾಡಬೇಡಿ, ಇನ್ನು ಮುಂದೆ ಸ್ವಲ್ಪ ಜಾಸ್ತಿ ಗಮನ ಕೊಡ್ತೀವಿ." ಈ ಮಾತು ಕೇಳಿ ನಿರಾಳವಾಗಿ ಮನೆಗೆ ಬಂದ ತಂದೆತಾಯಿ ಆರು ತಿಂಗಳ ಮೇಲೆ ಅದೇ ಕುರ್ಚಿಯಲ್ಲಿ, ಅದೇ ದೂರು ಹಿಡಿದು ಕೂತಿರುತ್ತಾರೆ. ಶಿಕ್ಷಕರು ಸುಳ್ಳು ಹೇಳಿದ್ದರು ಎಂದಲ್ಲ. ಯಾರು, ಏನನ್ನು, ವಾರಕ್ಕೆ ಎಷ್ಟು ಹೊತ್ತು ಕಲಿಸಬೇಕು ಎಂದು ಎಲ್ಲೂ ಬರೆದಿರಲಿಲ್ಲ. ಬರೆಯದೆ ಬಿಟ್ಟ ನೆರವು ಪರೀಕ್ಷೆಯ ಗಡಿಬಿಡಿಯಲ್ಲಿ ಎಲ್ಲಕ್ಕಿಂತ ಮೊದಲು ಮರೆತುಹೋಗುತ್ತದೆ.

ಮೊದಲು ಕಣ್ಣು, ಕಿವಿ

ಕಲಿಕೆಯ ತೊಂದರೆ ಎಂದು ತೀರ್ಮಾನಿಸುವ ಮುಂಚೆ ಇವೆರಡನ್ನೂ ಪರೀಕ್ಷೆ ಮಾಡಿಸಿ. ದೂರದ ಗೋಡೆಯ ಅಕ್ಷರಪಟ್ಟಿ ಓದಿಸಿ "ಕಣ್ಣು ಸರಿಯಿದೆ" ಎಂದರೆ ಸಾಲದು. ಹತ್ತಿರದ ದೃಷ್ಟಿಯ ತೊಂದರೆ ಆ ಪಟ್ಟಿಯಲ್ಲಿ ತಪ್ಪಿಸಿಕೊಳ್ಳಬಹುದು, ಮಗು ಓದುವುದೋ ಹತ್ತಿರದ ಪುಸ್ತಕವನ್ನು. ಕಿವಿಯದು ಇನ್ನೂ ಮೋಸದ ವಿಷಯ. ನೆಗಡಿಯ ನಂತರ ಕಿವಿತಮಟೆಯ ಹಿಂದೆ ದ್ರವ ನಿಂತರೆ ಒಂದು ವಾರ ಚೆನ್ನಾಗಿ ಕೇಳಿಸುತ್ತದೆ, ಇನ್ನೊಂದು ವಾರ ಮಂಕಾಗುತ್ತದೆ. ತರಗತಿಯಲ್ಲಿ ಇದಕ್ಕೆ "ಬೇಕಂತಲೇ ಕೇಳಿಸಿಕೊಳ್ಳಲ್ಲ" ಎಂಬ ಹೆಸರು ಬಂದುಬಿಡುತ್ತದೆ.

ಎರಡು ವಾರದ ಟಿಪ್ಪಣಿ

ಇಡೀ ಕೆಲಸದ ಬೆನ್ನೆಲುಬು ಇದು. "ಓದಲ್ಲ", "ಹಟ ಮಾಡ್ತಾನೆ" ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಕಂಡದ್ದನ್ನು ಕಂಡ ಹಾಗೇ ಬರೆಯಿರಿ. 'ಪುಸ್ತಕ'ವನ್ನು 'ಪುಸತಕ' ಎಂದು ಓದಿದಳೇ? 'ಕಣ್ಣು' 'ಕಣು' ಆಯಿತೇ? ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಾಳೋ, ದೀರ್ಘ ಹ್ರಸ್ವ ಕಲೆಸುತ್ತಾಳೋ, ಅಕ್ಷರಗಳೆಲ್ಲ ಬಂದರೂ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಅರ್ಥ ಜಾರಿಹೋಗುತ್ತದೋ? ಮೂರಕ್ಕೂ ಬೇರೆ ಬೇರೆ ಪಾಠ ಬೇಕು.

ಓದಿನ ವೇಗವನ್ನು ಮನೆಯಲ್ಲೇ ಅಳೆಯಬಹುದು. ಮಗು ಮೊದಲು ನೋಡಿರದ, ಅದರ ತರಗತಿಯ ಮಟ್ಟದ ಮೂರು ಗದ್ಯಭಾಗ ಆರಿಸಿ. ಪ್ರತಿಯೊಂದನ್ನೂ ಸರಿಯಾಗಿ ಒಂದು ನಿಮಿಷ ಗಟ್ಟಿಯಾಗಿ ಓದಿಸಿ, ತಪ್ಪಿಲ್ಲದೆ ಓದಿದ ಪದಗಳನ್ನು ಎಣಿಸಿ. 24, 19, 22 ಬಂದರೆ ನಡುವಿನ ಸಂಖ್ಯೆ 22ನ್ನು ದಿನಾಂಕದ ಜೊತೆ ಬರೆದಿಡಿ. ಓದುವಾಗ ತಿದ್ದಬೇಡಿ, ತಿದ್ದಿದರೆ ಅದು ಪಾಠವಾಯಿತು, ಅಳತೆಯಾಗಲಿಲ್ಲ. ಇಂಗ್ಲಿಷ್ ಓದಿನ ವೇಗದ ಪಟ್ಟಿಗಳಿಗಂತೂ ಇದನ್ನು ಹೋಲಿಸಲೇಬೇಡಿ. 'ಹೋಗುತ್ತಿರಲಿಲ್ಲವಂತೆ' ಎಂಬ ನಮ್ಮ ಒಂದೇ ಪದಕ್ಕೆ ಅಲ್ಲಿ ಮೂರು ನಾಲ್ಕು ಪದ ಬೇಕು.

ವರ್ತನೆಯ ತೊಂದರೆಯಾದರೆ ಮೂರು ಅಂಕಣ ಹಾಕಿಕೊಳ್ಳಿ: ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಬೋರ್ಡ್ ನೋಡಿ ಬರೆಯಲು ಹೇಳಿದರು, ಪೆನ್ಸಿಲ್ ಎಸೆದ, ಹೊರಗೆ ನಿಲ್ಲಿಸಿದರು. ಹತ್ತು ಸಲ ಇದೇ ಸಾಲು ಬಂದರೆ ವಿಷಯ ಸ್ಪಷ್ಟ. ಹೊರಗೆ ನಿಲ್ಲುವುದು ಅವನಿಗೆ ಶಿಕ್ಷೆಯಲ್ಲ, ಬರೆಯುವುದರಿಂದ ಬಿಡುಗಡೆ. ಶಿಕ್ಷೆ ಜೋರಾದಷ್ಟೂ ಪೆನ್ಸಿಲ್ ಹಾರುವುದು ಹೆಚ್ಚುತ್ತದೆ.

ಮನವಿ ಕಾಗದದಲ್ಲಿರಲಿ

ಗೇಟಿನ ಬಳಿ ನಿಂತು ಹೇಳಿದ್ದು ಲೆಕ್ಕಕ್ಕಿಲ್ಲ. ಮುಖ್ಯೋಪಾಧ್ಯಾಯರಿಗೆ ಅರ್ಧ ಪುಟದ ಪತ್ರ ಸಾಕು: ಕಂಡ ಮೂರು ಸಂಗತಿ, ಅಳತೆಯ ಸಂಖ್ಯೆ, "ಮಗುವಿನ ಮೌಲ್ಯಮಾಪನ (ಕಲಿಕೆಯ ತೊಂದರೆ ಎಲ್ಲಿದೆ ಎಂದು ತಜ್ಞರು ಮಾಡುವ ಪರೀಕ್ಷೆ) ಮಾಡಿಸಬೇಕು" ಎಂಬ ಕೋರಿಕೆ, ಉತ್ತರ ಬೇಕಾದ ದಿನಾಂಕ. ಒಂದು ಪ್ರತಿಯ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ, ಇಲ್ಲವೇ ಇಮೇಲ್ ಮಾಡಿ. ತೊಂದರೆಯ ಹೆಸರನ್ನು ನೀವೇ ಬರೆಯಲು ಹೋಗಬೇಡಿ. 'ಡಿಸ್ಲೆಕ್ಸಿಯಾ' (ಓದು ಬರಹದ ಕಲಿಕೆಯ ತೊಂದರೆ) ಎಂದು ಬರೆದರೆ ಪರೀಕ್ಷಿಸುವವರು ಅದೊಂದನ್ನೇ ಹುಡುಕಿ, ಭಾಷೆಯ ಅಥವಾ ಗಮನದ ತೊಂದರೆಯನ್ನು ಬಿಟ್ಟುಬಿಡುವ ಸಂಭವವಿದೆ.

ಕಾನೂನಿನ ವಿವರ ದೇಶದಿಂದ ದೇಶಕ್ಕೆ ಬೇರೆ. ಆದರೆ ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ, ಎಲ್ಲರ ಜೊತೆ ಕಲಿಯುವ ಹಕ್ಕನ್ನೂ ಅದಕ್ಕೆ ಬೇಕಾದ ಸೂಕ್ತ ಅನುಕೂಲವನ್ನೂ ಹೇಳುತ್ತದೆ. ನೀವು ಕೇಳುತ್ತಿರುವುದು ದಾಕ್ಷಿಣ್ಯವಲ್ಲ.

ಮೌಲ್ಯಮಾಪನದ ವರದಿ ಓದುವ ಬಗೆ

ಬುದ್ಧಿಶಕ್ತಿ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಸರಾಸರಿ 100. ನೂರರಲ್ಲಿ ಸುಮಾರು 68 ಮಕ್ಕಳು 85ರಿಂದ 115ರ ನಡುವೆ ಬರುತ್ತಾರೆ. 'ಪರ್ಸೆಂಟೈಲ್ 16' ಎಂದರೆ 16 ಅಂಕ ಬಂತು ಎಂದಲ್ಲ. ಅದೇ ವಯಸ್ಸಿನ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಇವಳು ಕೆಳಗಿನಿಂದ 16ನೆಯವಳು ಎಂದು. ಸರಾಸರಿ 100 ಇರುವ ಪರೀಕ್ಷೆಯಲ್ಲಿ ಅದು ಸುಮಾರು 85 ಅಂಕಕ್ಕೆ ಸಮ. ಇದನ್ನು ನೂರಕ್ಕೆ 16 ಎಂದು ಓದಿಕೊಂಡು ಕಣ್ಣೀರಿಡುವವರು ಬಹಳ.

ಒಟ್ಟು ಅಂಕಕ್ಕಿಂತ ಬಿಡಿ ಅಂಕಗಳನ್ನು ನೋಡಿ. ಮಾತಿನ ಗ್ರಹಿಕೆ 112, ಕೆಲಸದ ವೇಗ 78 ಇದ್ದರೆ, ಸರಾಸರಿ ತೆಗೆದಾಗ 'ಸಾಧಾರಣ ಮಗು' ಎನಿಸುತ್ತದೆ, ತೊಂದರೆ ಅಡಗಿಕೊಳ್ಳುತ್ತದೆ. ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತು ಎಂದು ತಪ್ಪದೆ ಕೇಳಿ. ಮನೆಯ ಮಾತು ಒಂದು, ಪರೀಕ್ಷೆಯ ಭಾಷೆ ಇನ್ನೊಂದಾದರೆ ಆ ಅಂಕ ಭಾಷೆಯದೋ ಬುದ್ಧಿಯದೋ ಹೇಳಲಾಗದು.

ಸಭೆಯಲ್ಲಿ

ಇಬ್ಬರು ಹೋಗಿ, ಒಬ್ಬರು ಮಾತಿಗೆ, ಒಬ್ಬರು ಬರೆದುಕೊಳ್ಳಲು. ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ, ಅಂದರೆ ಆ ಮಗುವಿಗೆಂದೇ ಗುರಿ ಮತ್ತು ನೆರವನ್ನು ಬರೆದಿಡುವ ಕಾಗದದಲ್ಲಿ, "ಓದು ಸುಧಾರಿಸಬೇಕು" ಎಂದಿದ್ದರೆ ಒಪ್ಪಬೇಡಿ. ಅದು ಹಾರೈಕೆ. ಗುರಿ ಹೀಗಿರಲಿ: "ಈಗ ನಿಮಿಷಕ್ಕೆ 22 ಪದ. 16 ವಾರದ ಕೊನೆಗೆ ಅದೇ ಮಟ್ಟದ ಹೊಸ ಗದ್ಯದಲ್ಲಿ 38." ಅಂದರೆ ವಾರಕ್ಕೆ ಒಂದು ಪದ. ಈಗಿನ ಅಂಕಿಯಿಂದ ಗುರಿಗೆ ಗೆರೆ ಎಳೆದು, ಪ್ರತಿ ವಾರದ ಅಳತೆಯನ್ನು ಚುಕ್ಕಿಯಾಗಿ ಗುರುತಿಸಿದರೆ ನಕ್ಷೆ ಸಿದ್ಧ. ಸತತ ನಾಲ್ಕು ಚುಕ್ಕಿ ಗೆರೆಯ ಕೆಳಗೆ ಬಿದ್ದರೆ ಕಲಿಸುವ ವಿಧಾನ ಬದಲಾಗಬೇಕು, ವರ್ಷಾಂತ್ಯದವರೆಗೆ ಕಾಯಬೇಕಿಲ್ಲ.

ನೆರವಿನ ವಿವರವೂ ಅಷ್ಟೇ ನಿಖರವಾಗಿರಲಿ: ವಾರಕ್ಕೆ ನಾಲ್ಕು ದಿನ, 30 ನಿಮಿಷ, ಮೂವರಿಗಿಂತ ಹೆಚ್ಚಿಲ್ಲದ ಗುಂಪು, ಕಲಿಸುವವರು ವಿಶೇಷ ಶಿಕ್ಷಕರು. ಯಾವ ಪೀರಿಯಡ್ ತಪ್ಪಿಸಿ ಕರೆದೊಯ್ಯುತ್ತಾರೆ ಎಂದೂ ಕೇಳಿ. ಆಟದ್ದೋ ಚಿತ್ರಕಲೆಯದೋ ಆದರೆ ಖಂಡಿತ ಬೇಡ ಎನ್ನಿ. ದಿನವಿಡೀ ಸೋಲುವ ಮಗು ಗೆಲ್ಲುವುದು ಬಹುಶಃ ಆ ಒಂದು ಪೀರಿಯಡ್‌ನಲ್ಲಿ ಮಾತ್ರ.

ಇಲ್ಲಿ ಸುಲಭವಾಗಿ ಕಲೆಸಿಹೋಗುವ ಎರಡು ಸಂಗತಿಗಳಿವೆ. ಹೆಚ್ಚು ಸಮಯ, ಓದಿ ಹೇಳುವವರು, ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ, ಇವು ಅನುಕೂಲಗಳು. ಪಾಠ ಅದೇ, ತಲುಪುವ ದಾರಿ ಬೇರೆ. ಪಾಠವನ್ನೇ ಕಡಿಮೆ ಮಾಡುವುದು ಬೇರೆ ಮಾತು. ಅದು ಮುಂದೆ ಪರೀಕ್ಷೆ, ಪ್ರಮಾಣಪತ್ರದವರೆಗೂ ಪರಿಣಾಮ ಬೀರಬಹುದು. "ಸ್ವಲ್ಪ ಸಿಲಬಸ್ ಕಮ್ಮಿ ಮಾಡೋಣ" ಎಂಬ ಮಾತು ಬಂದರೆ ಮುಂದೇನಾಗುತ್ತದೆ ಎಂದು ಕೇಳಿ ತಿಳಿಯದೆ ತಲೆಯಾಡಿಸಬೇಡಿ.

ಸಭೆಯಲ್ಲೇ ಸಹಿ ಹಾಕುವ ಅವಸರ ಬೇಡ, ಕರಡನ್ನು ಮನೆಗೆ ತಂದು ಓದಿ. ಮರುದಿನವೇ "ನಿನ್ನೆ ಒಪ್ಪಿದ್ದು ಇಷ್ಟು, ತಪ್ಪಿದ್ದರೆ ತಿಳಿಸಿ" ಎಂದು ಒಂದು ಸಂದೇಶ ಹಾಕಿ.

ಮನೆಯಲ್ಲಿ

ಶಾಲೆಯ ಪಾಠವನ್ನು ರಾತ್ರಿ ಮತ್ತೊಮ್ಮೆ ನಡೆಸುವುದು ಬೇಡ. ದಿನಕ್ಕೆ 15 ನಿಮಿಷ, ಒಂದು ಸಾಲು ನೀವು, ಒಂದು ಸಾಲು ಮಗು. ತಡವರಿಸಿದರೆ ಐದು ಎಣಿಸುವಷ್ಟು ಕಾದು ಪದ ಹೇಳಿಕೊಡಿ. ಹೋಂವರ್ಕ್‌ಗೆ ಹಿಡಿಯುವ ಸಮಯವನ್ನು ಒಂದು ವಾರ ಗುರುತು ಮಾಡಿ. ಉಳಿದವರ ಅರ್ಧ ಗಂಟೆ ಇಲ್ಲಿ ಎರಡು ಗಂಟೆಯಾಗುತ್ತಿದ್ದರೆ ಆ ಅಂಕಿಯೂ ಫೈಲಿಗೆ ಸೇರಲಿ.

ಹೊಸ ತರಗತಿ, ಹೊಸ ಶಿಕ್ಷಕರು ಬಂದಾಗ ಇಡೀ ಫೈಲು ಕೊಟ್ಟರೆ ಯಾರೂ ಓದುವುದಿಲ್ಲ. ಒಂದೇ ಪುಟ ಕೊಡಿ. ಮೇಲೆ ಮಗು ಚೆನ್ನಾಗಿ ಮಾಡುವ ಎರಡು ಕೆಲಸ, ನಡುವೆ ಕಷ್ಟ ಯಾವುದು ಮತ್ತು ಆಗ ಏನು ಮಾಡಿದರೆ ನಡೆಯುತ್ತದೆ, ಕೊನೆಗೆ ಏನು ಮಾಡಲೇಬಾರದು: "ಎಲ್ಲರೆದುರು ಗಟ್ಟಿಯಾಗಿ ಓದಿಸಬೇಡಿ, ಓದಿಸಲೇಬೇಕಿದ್ದರೆ ಹಿಂದಿನ ದಿನವೇ ಆ ಪ್ಯಾರಾ ಹೇಳಿ ಕಳಿಸಿ."